ಸ್ಲಾಟ್‌ನಲ್ಲಿ ಸಿಗದ ಸ್ಥಿರಾಂಕ: ಸ್ಮಾರ್ಟ್ ಕಾಂಟ್ರಾಕ್ಟ್ ಬಿಚ್ಚಿ ನೋಡುವುದು ಹೇಗೆ?

ಸ್ಮಾರ್ಟ್ ಕಾಂಟ್ರಾಕ್ಟ್ ಎಂದರೆ ಇಥೀರಿಯಂನಂಥ ಬ್ಲಾಕ್‌ಚೈನ್ ಮೇಲೆ ಓಡುವ ಪ್ರೋಗ್ರಾಂ. ಇಥೀರಿಯಂ ಕಾಂಟ್ರಾಕ್ಟ್‌ನ ಸಾಮಾನ್ಯ ಚರಗಳು ಸ್ಟೋರೇಜ್ ಎಂಬ ಶಾಶ್ವತ ಸಂಗ್ರಹದಲ್ಲಿ 32 ಬೈಟ್‌ಗಳ ಸ್ಲಾಟ್‌ಗಳಲ್ಲಿ, ಅಂದರೆ ಖಾನೆಗಳಲ್ಲಿ, ಕೂರುತ್ತವೆ. ಎಣಿಕೆ ಸೊನ್ನೆಯಿಂದ ಶುರು. ‘ಕಾನ್‌ಸ್ಟಂಟ್’ (ಸ್ಥಿರಾಂಕ) ಎಂದು ಗುರುತಿಸಿದ ಚರಕ್ಕೆ ಅಲ್ಲಿ ಜಾಗವೇ ಇಲ್ಲ. ನಂಬಿಕೆ ಬಾರದಿದ್ದರೆ ಬ್ರೌಸರ್‌ನಲ್ಲೇ ಕಾಂಟ್ರಾಕ್ಟ್ ಬರೆದು ಪರೀಕ್ಷಿಸುವ ಸಾಧನ ರೀಮಿಕ್ಸ್ ತೆರೆಯಿರಿ. ಈ ಪರೀಕ್ಷೆಗೆ ಕಾಸು ಖರ್ಚಿಲ್ಲ.

ಕಾಂಟ್ರಾಕ್ಟ್ ಬರೆಯುವ ಭಾಷೆಯಾದ ಸಾಲಿಡಿಟಿಯಲ್ಲಿ ಪುಟ್ಟ ಕಾಂಟ್ರಾಕ್ಟ್ ಒಂದನ್ನು ಬರೆಯಿರಿ. ಮೂರು ಚರಗಳು ಸಾಕು: ಒಂದು ಸಾಮಾನ್ಯ ಪೂರ್ಣಾಂಕ, ಶುಲ್ಕದ ಲೆಕ್ಕಕ್ಕೆ ಬೇಕಾಗುವ 10000 ಎಂಬ ಕಾನ್‌ಸ್ಟಂಟ್, ಕನ್‌ಸ್ಟ್ರಕ್ಟರ್‌ನಲ್ಲಿ (ಆರಂಭದಲ್ಲಿ ಒಂದೇ ಸಲ ಓಡುವ ಭಾಗದಲ್ಲಿ) ತುಂಬುವ ಮಾಲೀಕರ ವಿಳಾಸ. ಈ ಕೊನೆಯದನ್ನು ‘ಇಮ್ಯೂಟಬಲ್’, ಅಂದರೆ ಒಮ್ಮೆ ತುಂಬಿದ ಮೇಲೆ ಬದಲಾಗದಂತೆ, ಮಾಡಿ. ಮೂರನ್ನೂ ಪಬ್ಲಿಕ್ ಆಗಿಯೇ (ಹೊರಗಿನಿಂದ ಓದುವಂತೆ) ಇಡಿ. ಯಾರೂ ಓದದ ಕಾನ್‌ಸ್ಟಂಟ್ ಕೋಡ್‌ಗೆ ಸೇರುವುದೇ ಇಲ್ಲ.

ಕಂಪೈಲ್ ಮಾಡಿ, ವಿವರಗಳಲ್ಲಿ ಸ್ಟೋರೇಜ್ ಲೇಔಟ್ ನೋಡಿ. ಸ್ಲಾಟ್ 0ರಲ್ಲಿ ಪೂರ್ಣಾಂಕವಿದೆ. ಉಳಿದೆರಡರ ಸುಳಿವಿಲ್ಲ.

ಈಗ ರನ್‌ಟೈಮ್ ಬೈಟ್‌ಕೋಡ್, ಅಂದರೆ ಕಂಪೈಲ್ ಆದ ಯಂತ್ರಾದೇಶಗಳ ಸಾಲು, ನಕಲಿಸಿಕೊಂಡು 612710 ಎಂದು ಹುಡುಕಿ. 61 ಎಂದರೆ ‘ಮುಂದಿನ ಎರಡು ಬೈಟ್‌ಗಳನ್ನು ಸ್ಟ್ಯಾಕ್ (ಲೆಕ್ಕದ ತಾತ್ಕಾಲಿಕ ರಾಶಿ) ಮೇಲಿಡು’ ಎಂಬ ಆದೇಶ. 2710 ಎಂಬುದು ಹೆಕ್ಸಾಡೆಸಿಮಲ್‌ನಲ್ಲಿ ಬರೆದ 10000. ಬೆಲೆ ಆದೇಶದ ಜೊತೆಯಲ್ಲೇ ಅಚ್ಚಾಗಿದೆ, ಓದಲು 3 ಗ್ಯಾಸ್ (ಇಥೀರಿಯಂನಲ್ಲಿ ಕೆಲಸದ ವೆಚ್ಚ ಅಳೆಯುವ ಏಕಮಾನ) ಸಾಕು. ಅದೇ ಒಂದು ವಹಿವಾಟಿನಲ್ಲಿ ಸ್ಲಾಟನ್ನು ಮೊದಲ ಸಲ ಮುಟ್ಟಿದರೆ 2100 ಗ್ಯಾಸ್ ತೆರಬೇಕು!

ಇಮ್ಯೂಟಬಲ್ ಇರಬೇಕಾದಲ್ಲಿ 64 ಸೊನ್ನೆಗಳ ಉದ್ದ ಸಾಲು ಕಾಣುತ್ತದೆ. ಡಿಪ್ಲಾಯ್ ಮಾಡುವಾಗ (ಬ್ಲಾಕ್‌ಚೈನ್‌ಗೆ ಏರಿಸುವಾಗ) ಕನ್‌ಸ್ಟ್ರಕ್ಟರ್ ಕೊಟ್ಟ ವಿಳಾಸ ಆ ಖಾಲಿ ಜಾಗಕ್ಕೆ ಬರುತ್ತದೆ. ವಿಳಾಸ 20 ಬೈಟ್‌ಗಳಷ್ಟೇ ಆದರೂ ಮೀಸಲು 32 ಬೈಟ್. ಸ್ಟ್ರಿಂಗ್‌ಗೆ (ಅಕ್ಷರಗಳ ಸಾಲಿಗೆ) ಇಮ್ಯೂಟಬಲ್ ಸೌಲಭ್ಯವಿಲ್ಲ, ಅದು ಕಾನ್‌ಸ್ಟಂಟ್ ಆಗಬಹುದು ಅಷ್ಟೇ.

ಹೆಸರಾಂತ ಕೋಡ್‌ನಲ್ಲೂ ಈ ಉಳಿತಾಯ ಕೈತಪ್ಪಿದ್ದುಂಟು. ಇಥೀರಿಯಂನ ನಾಣ್ಯ ಈಥರನ್ನು ಟೋಕನ್ ರೂಪಕ್ಕೆ ತರುವ, 2017ರ ಡಿಸೆಂಬರ್‌ನಲ್ಲಿ ಬಂದ ರ‍್ಯಾಪ್ಡ್ ಈಥರ್‌ನಲ್ಲಿ ಹೆಸರು, ಚಿಹ್ನೆ, ದಶಮಾಂಶ ಸ್ಥಾನಗಳ ಸಂಖ್ಯೆ 18 ಎಂದೂ ಬದಲಾಗುವಂಥವಲ್ಲ. ಆದರೂ 0, 1, 2ನೆಯ ಸ್ಲಾಟ್‌ಗಳನ್ನು ಹಿಡಿದು ಕೂತಿವೆ. ಖಾತೆಗಳ ಶಿಲ್ಕಿನ ಪಟ್ಟಿಗೆ ಸಿಕ್ಕಿದ್ದು 3ನೆಯದು. ಆ ಕಾಂಟ್ರಾಕ್ಟನ್ನು ಇನ್ನು ತಿದ್ದುವಂತಿಲ್ಲ.

ಅಂದಹಾಗೆ, ‘ಪ್ರೈವೇಟ್ ಕಾನ್‌ಸ್ಟಂಟ್’ ಎಂದು ಬರೆದು ಗುಟ್ಟು ಬಚ್ಚಿಡಲು ಹೋಗಬೇಡಿ. ಬೈಟ್‌ಕೋಡ್ ಊರಿಗೆಲ್ಲ ತೆರೆದ ಕಡತ.

ಪ್ರಾಕ್ಸಿ (ದತ್ತಾಂಶ ತನ್ನಲ್ಲಿಟ್ಟುಕೊಂಡು ಕೋಡ್‌ಗೆ ಬೇರೆ ಕಾಂಟ್ರಾಕ್ಟನ್ನು ಬಳಸುವ ಮಧ್ಯವರ್ತಿ ಕಾಂಟ್ರಾಕ್ಟ್) ಮೂಲಕ ಕೋಡ್ ಬದಲಿಸುವವರು ಇನ್ನೂ ಎಚ್ಚರವಾಗಿರಬೇಕು. ಹೊಸ ಕಾನ್‌ಸ್ಟಂಟ್ ಸೇರಿಸಿದರೆ ಸ್ಲಾಟ್‌ಗಳು ಕದಲುವುದಿಲ್ಲ. ಇದ್ದ ಪೂರ್ಣಾಂಕದಿಂದ ‘ಕಾನ್‌ಸ್ಟಂಟ್’ ಪದ ಅಳಿಸಿದರೋ, ಅದು ತಾನೇ ಒಂದು ಸ್ಲಾಟ್ ಹಿಡಿಯುತ್ತದೆ, ಮುಂದಿನವು ಜರುಗುತ್ತವೆ. ಆಗ ಹೊಸ ಕೋಡ್ ಹಳೆಯ ಶಿಲ್ಕನ್ನು ತಪ್ಪು ಜಾಗದಲ್ಲಿ ಹುಡುಕುತ್ತದೆ. ಪ್ರತಿ ಬದಲಾವಣೆಗೂ ಮೊದಲು ಹಳೆಯ, ಹೊಸ ಲೇಔಟ್‌ಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಿ.