ಹಳೆಯ ಕಾರಿನ ಬ್ಲೋವರ್ ಫ್ಯಾನ್ ಸಡಿಲವಾದಾಗ: ನನ್ನ ಅನುಭವ

ಕಾಸರಗೋಡಿನಲ್ಲಿ ಜೂನ್ ತಿಂಗಳ ಮಳೆ ಹಿಡಿದ ಮೇಲೆ ಬ್ಲೋವರ್ (ಕಾರಿನೊಳಗೆ ಗಾಳಿ ಊದುವ ಫ್ಯಾನ್) ಇಲ್ಲದೆ ಕಾರು ಓಡಿಸುವುದು ಅಪಾಯದ ಕೆಲಸ. ಕಿಟಕಿ ಏರಿಸಿ ನಾಲ್ಕು ಜನ ಕುಳಿತರೆ ಸ್ವಲ್ಪ ಹೊತ್ತಿನಲ್ಲಿಯೇ ಮುಂದಿನ ಗಾಜಿನ ಒಳಮೈಗೆ ಮಂಜು ಹಿಡಿಯುತ್ತದೆ. ಪಾಣತ್ತೂರಿನಿಂದ ಭಾಗಮಂಡಲದ ಕಡೆಗೆ ಘಾಟಿ ಹತ್ತುವಾಗಲಂತೂ ಹೀಟರಿನ ಬಿಸಿಗಾಳಿಯನ್ನು ಗಾಜಿಗೆ ಬಿಡದಿದ್ದರೆ ಮುಂದಿನ ತಿರುವೇ ಕಾಣುವುದಿಲ್ಲ. ಆದುದರಿಂದ ಇಪ್ಪತ್ತು ವರ್ಷ ದಾಟಿದ ನಮ್ಮ ಸಣ್ಣ ಕಾರಿನ ಡ್ಯಾಶ್‌ಬೋರ್ಡಿನ ಎಡಬದಿಯಿಂದ ಕಟಕಟ ಸದ್ದು ಕೇಳತೊಡಗಿದಾಗ ನಾನು ಅದನ್ನು ಮುಂದೂಡಲಿಲ್ಲ.

ಸದ್ದಿನಲ್ಲಿಯೇ ಅರ್ಧ ಉತ್ತರವಿರುತ್ತದೆ. ಮೋಟರಿನ ಬುಷ್ (ಶಾಫ್ಟ್ ಎಂಬ ತಿರುಗುವ ಸರಳಿಗೆ ಆಧಾರವಾದ ಬಳೆ) ಸವೆದಿದ್ದರೆ ಸಾಮಾನ್ಯವಾಗಿ ಕಿರ್ರೆಂದು ಕೂಗುತ್ತದೆ. ನಮ್ಮ ಕಾರಿನಲ್ಲಿ ಸ್ವಿಚ್ ತಿರುಗಿಸಿದಂತೆ ಕಟಕಟದ ವೇಗವೂ ಏರುತ್ತಿತ್ತು, ತಿರುವಿನಲ್ಲಿ ಅದು ಉಜ್ಜುವ ಸದ್ದಾಗುತ್ತಿತ್ತು, ಮೋಟರ್ ತಿರುಗುವುದು ಕೇಳಿಸಿದರೂ ಗಾಳಿ ಮಾತ್ರ ಕಡಿಮೆಯಿತ್ತು. ಪ್ಲಾಸ್ಟಿಕ್ಕಿನ ಫ್ಯಾನ್ ಚಕ್ರವು ಶಾಫ್ಟಿನ ಮೇಲೆ ಜಾರುತ್ತಿದೆ ಎಂಬುದಕ್ಕೆ ಇಷ್ಟು ಸಾಕು. ಪೇಟೆಯ ಎಲೆಕ್ಟ್ರಿಷಿಯನ್, "ಮೋಟರನ್ನೇ ಬದಲಿಸಿಬಿಡಿ ಅಣ್ಣ, ತಲೆನೋವು ಬೇಡ" ಎಂದರು. ಮೋಟರ್ ಚೆನ್ನಾಗಿಯೇ ಇರುವಾಗ ಅದನ್ನು ಎಸೆಯಲು ನನಗೆ ಮನಸ್ಸಾಗಲಿಲ್ಲ.

ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಿ, ಗ್ಲೋವ್ ಬಾಕ್ಸ್ ಬಿಚ್ಚಿದೆ. ಅದರ ಹಿಂದೆ ಮೋಟರಿನ ಕನೆಕ್ಟರನ್ನೂ ಮೋಟರನ್ನು ತಂಪಾಗಿಡುವ ಸಣ್ಣ ರಬ್ಬರ್ ಕೊಳವೆಯನ್ನೂ ಬಿಡಿಸಿ, ಮೂರು ಸ್ಕ್ರೂ ತೆಗೆದಾಗ ಮೋಟರ್ ಫ್ಯಾನಿನ ಸಮೇತ ಕೆಳಗಿಳಿಯಿತು. ಜೊತೆಯಲ್ಲಿ ಒಂದು ಹಿಡಿಯಷ್ಟು ಒಣಗಿದ ಹಲಸಿನೆಲೆಯ ಚೂರುಗಳೂ ಉದುರಿದವು. ಮರದಡಿ ನಿಲ್ಲಿಸಿದ ಕಾರಿನಲ್ಲಿ ಗಾಜಿನ ಕೆಳಗಿನ ಜಾಲರಿಯ ಮೂಲಕ ಕಸ ಒಳಗೆ ಬಂದು, ಎಸಳುಗಳ ನಡುವೆ ಒಂದೇ ಕಡೆ ಕೂತು ಚಕ್ರದ ತೂಕವನ್ನು ಕೆಡಿಸುತ್ತದೆ. ಆ ಅದುರುವಿಕೆಯೇ ಕ್ರಮೇಣ ಚಕ್ರದ ನಡುವಿನ ತೂತನ್ನು ಸವೆಸುತ್ತದೆ. ಎಸಳುಗಳನ್ನು ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಒಂದೊಂದಾಗಿ ತೊಳೆದು ಒಣಗಿಸಿದೆ. ಎಸಳಿಗೆ ಸಿಕ್ಕಿಸಿದ ಪುಟ್ಟ ಲೋಹದ ಕ್ಲಿಪ್ ಕಂಡರೆ ಅದನ್ನು ಕಸವೆಂದು ಕೀಳಬಾರದು. ತೂಕ ಸರಿದೂಗಿಸಲು ಕಾರ್ಖಾನೆಯಲ್ಲಿಯೇ ಅದನ್ನು ಹಾಕಿರುತ್ತಾರೆ.

ಶಾಫ್ಟಿನ ಒಂದು ಬದಿ ಚಪ್ಪಟೆಯಾಗಿತ್ತು. ಅದಕ್ಕೆ ಹೊಂದಿ ಕೂರಬೇಕಾದ ಚಕ್ರದ ತೂತು ಸವೆದು ಬಹುತೇಕ ದುಂಡಗಾಗಿತ್ತು. ಚಕ್ರವನ್ನು ಎಳೆಯುವ ಮೊದಲು ಅದು ಎಷ್ಟು ಆಳಕ್ಕೆ ಕೂತಿದೆಯೆಂದು ಶಾಫ್ಟಿನ ಮೇಲೆ ಮಾರ್ಕರಿನಿಂದ ಗೆರೆ ಎಳೆದುಕೊಂಡೆ, ಏಕೆಂದರೆ ಒಂದೆರಡು ಮಿಲಿಮೀಟರ್ ಹೆಚ್ಚುಕಡಿಮೆಯಾದರೂ ಅದು ಕವಚಕ್ಕೆ ತಾಗಬಹುದು. ತಂಪು ಪಾನೀಯದ ಅಲ್ಯೂಮಿನಿಯಂ ಡಬ್ಬಿಯಿಂದ ಕಿರಿದಾದ ಪಟ್ಟಿಯೊಂದನ್ನು ಕತ್ತರಿಸಿ, ಎರಡೂ ಮೈಯನ್ನು ಉಪ್ಪು ಕಾಗದದಿಂದ ಉಜ್ಜಿ, ಶಾಫ್ಟಿಗೆ ಸುತ್ತಿ ಚಕ್ರವನ್ನು ಒತ್ತಿದಾಗ ಅದು ಬಿಗಿಯಾಗಿ ಕೂತಿತು. ಚಕ್ರವನ್ನು ಮತ್ತೆ ತೆಗೆದು, ಎರಡು ಟ್ಯೂಬಿನ ಎಪಾಕ್ಸಿ ಅಂಟನ್ನು ತೂತಿನ ಒಳಮೈಗೆ ತೆಳುವಾಗಿ ಸವರಿ, ಗೆರೆಯ ತನಕ ಕೂರಿಸಿದೆ. ಒತ್ತುವಾಗ ಶಾಫ್ಟಿನ ಇನ್ನೊಂದು ತುದಿಗೆ ಆಧಾರ ಕೊಡಬೇಕು, ಸುತ್ತಿಗೆಯನ್ನಂತೂ ಮುಟ್ಟಲೇಬಾರದು. ಏಟು ನೇರವಾಗಿ ಬುಷ್‌ಗಳಿಗೆ ಬೀಳುತ್ತದೆ. ಅಂಟು ಗಟ್ಟಿಯಾಗುವ ಮೊದಲೇ ಚಕ್ರವನ್ನು ಕೈಯಿಂದ ನಿಧಾನವಾಗಿ ತಿರುಗಿಸಿ, ಅಂಚಿನ ಬಳಿ ಪೆನ್ಸಿಲ್ ತುದಿಯನ್ನು ಅಲುಗದಂತೆ ಹಿಡಿದು, ಸುತ್ತಲೂ ಅಂತರ ಒಂದೇ ಇದೆಯೇ ಎಂದು ನೋಡಿ ಸರಿಪಡಿಸಿದೆ. ಇಡೀ ಕೆಲಸದ ಜೀವಾಳ ಇದೇ.

ಅಂಟಿಗೆ 24 ಗಂಟೆ ಬಿಟ್ಟೆ. ಬುಷ್‌ಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ತೊಟ್ಟು ಸಾಕು. ನಮ್ಮಲ್ಲಿ ಕೈಗೆ ಮೊದಲು ಸಿಗುವುದು ತೆಂಗಿನೆಣ್ಣೆ. ಆದರೆ ಅದನ್ನು ಹಾಕಬಾರದು, ಅದು ಕಾಲಕ್ರಮದಲ್ಲಿ ಜಿಗುಟಾಗಿ ಮೋಟರನ್ನು ಹಿಡಿದುಬಿಡುತ್ತದೆ.

ಜೋಡಿಸುವ ಮೊದಲು ಕನೆಕ್ಟರ್ ಸಿಕ್ಕಿಸಿ, ಬ್ಯಾಟರಿ ತಂತಿಯನ್ನು ಮರಳಿ ಜೋಡಿಸಿ, ಮೋಟರನ್ನು ಗಟ್ಟಿಯಾಗಿ ಹಿಡಿದು ಎಲ್ಲ ವೇಗಗಳಲ್ಲಿಯೂ ಓಡಿಸಿ ನೋಡಿದೆ. ಹಿಡಿತ ಸಡಿಲವಿದ್ದರೆ ಅದು ಕೈಯಿಂದ ಹಾರುತ್ತದೆ. ಅನಂತರವೇ ಸ್ಕ್ರೂ ಬಿಗಿದೆ. ಸದ್ದನ್ನು ಸಹಿಸಿಕೊಂಡು ಓಡಿಸುವವರಿಗೆ ಒಂದು ಮಾತು ಹೇಳಬೇಕು: ಬ್ಲೋವರಿನ ವೇಗ ತಗ್ಗಿಸುವ ರೆಸಿಸ್ಟರ್ ಅನೇಕ ಕಾರುಗಳಲ್ಲಿ ಅದೇ ಗಾಳಿಯ ಹಾದಿಯಲ್ಲಿದ್ದು, ಆ ಗಾಳಿಯಿಂದಲೇ ತಂಪಾಗುತ್ತದೆ. ಚಕ್ರ ಜಾರಿ ಗಾಳಿ ನಿಂತರೆ ಅದು ಸುಟ್ಟುಹೋಗಬಹುದು, ಆಮೇಲೆ ಬ್ಲೋವರ್ ಪೂರ್ಣ ವೇಗದಲ್ಲಿ ಮಾತ್ರ ಓಡುತ್ತದೆ.

ಕೊನೆಗೆ ಗಾಜಿನ ಕೆಳಗಿನ ಜಾಲರಿಯ ಒಳಬದಿಗೆ ಸೊಳ್ಳೆ ಬಲೆಯ ತುಂಡೊಂದನ್ನು ಕಟ್ಟಿದ್ದೇನೆ. ಅದರಲ್ಲಿ ಕಸ ಕಟ್ಟಿಕೊಂಡರೆ ಗಾಳಿ ಕುಗ್ಗುವುದರಿಂದ ಆಗಾಗ ತೆಗೆದು ಕೊಡವಬೇಕಾಗುತ್ತದೆ.