21 ಸೆಂಟಿಮೀಟರ್ ಪಟ್ಟಿ ಮತ್ತು ರಾಷ್ಟ್ರೀಯ ಪಠ್ಯಕ್ರಮ

ಹಿರಿಯ ಪ್ರಾಥಮಿಕ ತರಗತಿಗಳಿಗೆ ಗಣಿತ ಕಲಿಸುವ ನಾನು ಶಾಲೆಗಳಲ್ಲಿ ಏನನ್ನು, ಹೇಗೆ ಕಲಿಸಬೇಕೆಂದು ಹೇಳುವ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ಹೆಸರನ್ನು ಮೊದಲು ಕೇಳಿದ್ದು ಒಂದು ತರಬೇತಿಯಲ್ಲಿ. ಅದರ ಮಾರ್ಗದರ್ಶಿ ತತ್ತ್ವಗಳನ್ನು ಚಾರ್ಟಿನಲ್ಲಿ ಬರೆದು ತೂಗುಹಾಕಿದ್ದರು. ನಾವೆಲ್ಲ ನೋಟ್‌ಬುಕ್ಕಿಗೆ ಇಳಿಸಿಕೊಂಡು, ಸಂಜೆಯ ಪ್ರಶ್ನೋತ್ತರದಲ್ಲಿ ಒಪ್ಪಿಸಿ ಬಂದೆವು. ಕಲಿಕೆಯನ್ನು ಕಂಠಪಾಠದಿಂದ ಬಿಡಿಸಬೇಕೆಂಬ ತತ್ತ್ವವನ್ನೂ ಹೀಗೆ ಕಂಠಪಾಠ ಮಾಡಿಯೇ ಕಲಿತಿದ್ದೆವು.

ಆ ಚೌಕಟ್ಟು ನನ್ನ ತರಗತಿಯ ಬಾಗಿಲು ದಾಟಿದ್ದು ಮೌಲ್ಯಮಾಪನದ ರೂಪದಲ್ಲಿ. ಶಿಕ್ಷಣ ಹಕ್ಕು ಕಾಯ್ದೆಯು 2010ರ ಏಪ್ರಿಲ್ 1ರಂದು ಜಾರಿಗೆ ಬಂತು. ಮಗುವನ್ನು ಭಯ, ಆತಂಕಗಳಿಂದ ಮುಕ್ತಗೊಳಿಸಬೇಕು, ಅದರ ತಿಳಿವಳಿಕೆಯನ್ನು ನಿರಂತರವಾಗಿಯೂ ವ್ಯಾಪಕವಾಗಿಯೂ ಅಳೆಯಬೇಕು ಎಂದು ಅದರ 29ನೆಯ ಸೆಕ್ಷನ್ ಹೇಳಿದ ಮೇಲೆ, ಚೌಕಟ್ಟಿನಲ್ಲಿ ಆಶಯವಾಗಿದ್ದ ಮಾತಿಗೆ ಕಾನೂನಿನ ಬಲ ಬಂತು. ನಮ್ಮಲ್ಲಿ ಅದು ವರ್ಷಕ್ಕೆ ನಾಲ್ಕು ರೂಪಣಾತ್ಮಕ (ಕಲಿಕೆ ನಡೆಯುತ್ತಿರುವಾಗಲೇ ಮಾಡುವ), ಎರಡು ಸಂಕಲನಾತ್ಮಕ (ಕಲಿತದ್ದನ್ನು ಕೊನೆಯಲ್ಲಿ ಒಟ್ಟಾಗಿ ಅಳೆಯುವ) ಮೌಲ್ಯಮಾಪನಗಳಾಗಿ, ಅವುಗಳ ಜೊತೆಗೆ ಹತ್ತಾರು ಅಂಕಣಗಳ ದಾಖಲೆ ಪುಸ್ತಕಗಳಾಗಿ ಕೈಸೇರಿತು. ಮೊದಲ ಎರಡು ವರ್ಷ ನಾನು ಆ ಅಂಕಣಗಳನ್ನು ತಿಂಗಳ ಕೊನೆಯಲ್ಲಿ ಒಂದೇ ಕೂರಿಕೆಗೆ, ಒಂದೇ ಪೆನ್ನಿನಲ್ಲಿ ತುಂಬಿದ್ದೇನೆ. ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಅವನ್ನು ನೋಡಿ ಮೆಚ್ಚಿಯೂ ಹೋದರು.

ನನ್ನ ಪದ್ಧತಿ ಬದಲಾದದ್ದು ಆರನೆಯ ತರಗತಿಯ ಭಿನ್ನರಾಶಿ ಪಾಠದಲ್ಲಿ. ಮೂರನೇ ಒಂದಕ್ಕೆ ನಾಲ್ಕನೇ ಒಂದನ್ನು ಕೂಡಿಸಿ ಎಂದಾಗ ಅರ್ಧಕ್ಕರ್ಧ ಮಕ್ಕಳು ಏಳನೇ ಎರಡು ಎಂದು ಬರೆದಿದ್ದರು. ಪ್ರತಿವರ್ಷವೂ ಇದೇ ತಪ್ಪು. ಪ್ರತಿವರ್ಷವೂ ನಾನು ಲ.ಸಾ.ಅ. ತೆಗೆಯುವ ಕ್ರಮವನ್ನು ಹಲಗೆಯ ಮೇಲೆ ಮತ್ತೊಮ್ಮೆ ಬರೆಯುತ್ತಿದ್ದೆ. ಆ ಸಲ ಮಾತ್ರ ಎ4 ಹಾಳೆಯ ಅಡ್ಡ ಅಳತೆಗೆ ಸರಿಯಾಗಿ ಪಟ್ಟಿಗಳನ್ನು ಕತ್ತರಿಸಿ ಹಂಚಿದೆ. ಆ ಅಳತೆ 21 ಸೆಂಟಿಮೀಟರ್, ಆದ್ದರಿಂದ ಮೂರನೇ ಒಂದು ಭಾಗವೆಂದರೆ 7 ಸೆಂಟಿಮೀಟರ್, ಏಳನೇ ಒಂದು ಭಾಗವೆಂದರೆ 3. ನಾಲ್ಕಾಗಿ ಮಡಚುವುದು ಎಲ್ಲರಿಗೂ ಸುಲಭವಾಯಿತು, ಮೂರಾಗಿ ಮಡಚಲು ಹೋಗಿ ಜಗಳಗಳೇ ಆದವು, ಕೊನೆಗೆ ಸ್ಕೇಲು ಹೊರಬಂತು. ಮೂರನೇ ಒಂದರ ತುಂಡಿಗೆ ನಾಲ್ಕನೇ ಒಂದರ ತುಂಡನ್ನು ಸೇರಿಸಿಟ್ಟು, ಅದರ ಕೆಳಗೆ ಏಳನೇ ಎರಡನ್ನು, ಅಂದರೆ 6 ಸೆಂಟಿಮೀಟರಿನ ತುಂಡನ್ನು ಇಡಲು ಹೇಳಿದೆ. ಹಿಂದಿನ ಸಾಲಿನ ಒಬ್ಬ ಹುಡುಗಿ ಬಹಳ ಹೊತ್ತು ಅದನ್ನೇ ನೋಡುತ್ತಿದ್ದು, "ಸಾರ್, ಕೂಡಿಸಿದ ಮೇಲೆ ಮೊದಲಿದ್ದದ್ದಕ್ಕಿಂತ ಕಡಿಮೆಯಾಯಿತಲ್ಲ?" ಎಂದಳು. ಉತ್ತರ ತಪ್ಪೆಂದು ನಾನು ಹೇಳಬೇಕಾದ ಅಗತ್ಯವೇ ಉಳಿಯಲಿಲ್ಲ. ಛೇದ ಸಮ ಮಾಡುವುದು ಯಾಕೆ ಬೇಕು ಎಂಬ ಪ್ರಶ್ನೆ ಆ ತರಗತಿಯಲ್ಲಿ ಮೊದಲ ಬಾರಿಗೆ ಮಕ್ಕಳ ಕಡೆಯಿಂದ ಬಂತು.

ಆ ಸಂಜೆ ದಾಖಲೆ ಪುಸ್ತಕ ತೆರೆದರೆ ಇದನ್ನು ಬರೆಯಲು ಅಂಕಣವಿರಲಿಲ್ಲ. ಅಂದಿನಿಂದ ನಾನು ಬೇರೆಯೇ ಒಂದು ನೋಟ್‌ಬುಕ್ ಇಟ್ಟೆ: ಮಗುವಿಗೊಂದು ಪುಟ, ದಿನಕ್ಕೆ ನಾಲ್ಕೈದು ಮಕ್ಕಳ ಬಗ್ಗೆ ಮಾತ್ರ ಒಂದೊಂದು ಸಾಲು. ಅಂಕದ ಗೊಡವೆಗೆ ಹೋಗದೆ, ಮಗು ಆಡಿದ ಮಾತನ್ನೋ ಮಾಡಿದ ತಪ್ಪನ್ನೋ ಹಾಗೆಯೇ ಬರೆಯುತ್ತಿದ್ದೆ. ರೂಪಣಾತ್ಮಕ ಮೌಲ್ಯಮಾಪನದ ವೇಳೆಗೆ ಆ ಪುಟ ನೋಡಿ ಅಂಕ ಕೊಡುವುದು ಸುಲಭವಾಯಿತು. ಇದೂ ಪೂರ್ತಿ ನಡೆದ ಕೆಲಸವೆಂದು ಹೇಳಲಾರೆ. ಕೆಲವು ಮಕ್ಕಳ ಪುಟಗಳು ವರ್ಷದ ಕೊನೆಗೂ ಬಹುಮಟ್ಟಿಗೆ ಖಾಲಿಯಾಗಿಯೇ ಉಳಿದವು, ಅವರು ತರಗತಿಯಲ್ಲಿ ಮಾತಾಡದವರೆಂಬುದು ಆಗಷ್ಟೇ ನನ್ನ ಗಮನಕ್ಕೆ ಬಂತು.

ಪಾಠಕ್ಕೆ ಹಿಡಿದ ಸಮಯ ಇನ್ನೊಂದು ತೊಡಕು. ಪಟ್ಟಿಗಳ ಕೆಲಸಕ್ಕೆ ನಾಲ್ಕು ಅವಧಿ ಹೋದವು. ವಾರ್ಷಿಕ ಪಾಠ ಹಂಚಿಕೆಯಲ್ಲಿ ಅಷ್ಟು ಜಾಗವಿರಲಿಲ್ಲ. ಸಂಕಲನಾತ್ಮಕ ಪ್ರಶ್ನೆಪತ್ರಿಕೆ ಹಳೆಯ ಲೆಕ್ಕಗಳನ್ನೇ ಕೇಳುವವರೆಗೆ ಶಿಕ್ಷಕರು ಹಳೆಯ ಲೆಕ್ಕಗಳನ್ನೇ ಮಾಡಿಸುತ್ತಾರೆ, ಇದರಲ್ಲಿ ಅವರನ್ನು ದೂರುವುದು ನ್ಯಾಯವಲ್ಲ. ಹಾಗಾಗಿ ನಾನು ಪ್ರಶ್ನೆಗಳನ್ನೇ ತಿದ್ದತೊಡಗಿದೆ. ನಾನೇ ತೆಗೆಯುವ ಪತ್ರಿಕೆಗಳಲ್ಲಿ "ಕೂಡಿಸಿ" ಎಂಬ ಐದು ಲೆಕ್ಕಗಳ ಬದಲು ಎರಡನ್ನು ಉಳಿಸಿಕೊಂಡು, ಮೂರನೆಯದಾಗಿ ಒಂದು ತಪ್ಪು ಉತ್ತರ ಕೊಟ್ಟು, ಲೆಕ್ಕ ಮಾಡದೆಯೇ ಅದು ತಪ್ಪೆಂದು ಹೇಗೆ ತಿಳಿಯುತ್ತದೆ ಎಂದು ಕೇಳಿದೆ.

2017ರಲ್ಲಿ ಶಿಕ್ಷಣ ಹಕ್ಕು ಕಾಯ್ದೆಯ ಕೇಂದ್ರ ನಿಯಮಗಳಿಗೆ ಕಲಿಕಾ ಫಲಗಳು, ಅಂದರೆ ಆಯಾ ತರಗತಿಯ ಮಗು ಏನನ್ನು ಕಲಿತಿರಬೇಕೆಂಬ ನಿರೀಕ್ಷೆಗಳು, ಸೇರಿದವು. 2020ರ ಶಿಕ್ಷಣ ನೀತಿಯ ನಂತರ 2023ರಲ್ಲಿ ಶಾಲಾ ಶಿಕ್ಷಣಕ್ಕೆ ಹೊಸ ರಾಷ್ಟ್ರೀಯ ಚೌಕಟ್ಟು ಬಂತು. ಈಗ ಸಭೆಗಳಲ್ಲಿ ಎಲ್ಲೆಡೆ ಕೇಳಿಬರುವುದು "ಸಾಮರ್ಥ್ಯ" ಎಂಬ ಪದ. ಪದ ಬದಲಾದಾಗಲೆಲ್ಲ ಪಾಠಯೋಜನೆಯ ನಮೂನೆಯೂ ಬದಲಾಗುತ್ತದೆ. ಹೊಸ ಅಂಕಣಗಳಲ್ಲಿ ಏನು ಬರೆಯಬೇಕೆಂದು ಕಿರಿಯ ಸಹೋದ್ಯೋಗಿಗಳು ನನ್ನನ್ನು ಕೇಳುತ್ತಾರೆ. ನಾನು ಅವರಿಗೆ ಮೊದಲು ಕೊಡುವುದು ಒಂದು ಎ4 ಹಾಳೆ, ಕತ್ತರಿ, ಮತ್ತು ಆ ಹಳೆಯ ನೋಟ್‌ಬುಕ್ಕಿನಲ್ಲಿ ಆ ಹುಡುಗಿಯ ಪುಟ.