ಗುರುಗಳ ಸನ್ಮಾನ, ಸಾಲಿಯ (ಶಾಲೆಯ) ಸುದ್ದಿ: ಹೆಸರು ತಪ್ಪದಂತೆ ಮಾಡುವ ಬಗೆ

ಸನ್ಮಾನದ ತಾರೀಖು ಗೊತ್ತು ಮಾಡುವ ಮೊದಲು, ಆ ವರ್ಷ ನಿವೃತ್ತರಾಗುವವರ ಜನ್ಮ ದಿನಾಂಕ ನೋಡಿ. ಹಿಂದೆಲ್ಲ ಮಕ್ಕಳನ್ನು ಸಾಲಿಗೆ ಹಚ್ಚುವಾಗ ಹುಟ್ಟಿದ ದಿನ ಗೊತ್ತಿರದಿದ್ದರೆ ಜೂನ್ 1 ಎಂದು ಬರೆದುಬಿಡುತ್ತಿದ್ದರು. ರಾಜ್ಯ ಸರ್ಕಾರಿ ನೌಕರರ ನಿವೃತ್ತಿ ವಯಸ್ಸು 60. ಒಂದನೇ ತಾರೀಖಿಗೆ ಹುಟ್ಟಿದವರಿಗೆ ಹಿಂದಿನ ತಿಂಗಳ ಕೊನೆಯ ದಿನವೇ ನಿವೃತ್ತಿ. ಹೀಗಾಗಿ ಮೇ 31ಕ್ಕೆ ಗುಂಪಾಗಿ ಹೊರಬೀಳುತ್ತಾರೆ. ಅಷ್ಟೊತ್ತಿಗೆ ಕೊನೆಯ ತರಗತಿಯ ಮಕ್ಕಳು ಸಾಲಿ ಬಿಟ್ಟಿರುತ್ತಾರೆ, ಉಳಿದವರು ರಜೆಯಿಂದ ಪೂರ್ತಿ ಬಂದಿರುವುದಿಲ್ಲ. ಬೀಳ್ಕೊಡುಗೆಯನ್ನು ಏಪ್ರಿಲ್‌ನಲ್ಲಿ, ಫಲಿತಾಂಶ ಹೇಳುವ ದಿನವೇ ಇಟ್ಟುಕೊಳ್ಳಿ. ಪಾಲಕರು ಹೇಗೂ ಬಂದಿರುತ್ತಾರೆ.

ಕಾರ್ಯಕ್ರಮಕ್ಕೆ 15 ದಿನ ಮೊದಲು ಹೆಸರಿನ ಪಟ್ಟಿ ಮಾಡಿ. ಹೆಚ್ಚು ಎಡವಟ್ಟಾಗುವುದು ಇಲ್ಲಿಯೇ. ನಮ್ಮ ಬೆಳಗಾವಿ ಕಡೆ ಒಂದೇ ಸಾಲಿಯಲ್ಲಿ ಇಬ್ಬರು ಪಾಟೀಲ, ಇಬ್ಬರು ಹಿರೇಮಠ ಇರುವುದು ಮಾಮೂಲು. ‘ಎಸ್.ಬಿ. ಪಾಟೀಲ’ ಎಂದಷ್ಟೇ ಬರೆದರೆ ಶಾಲು ಒಬ್ಬರಿಗೆ, ಸುದ್ದಿ ಇನ್ನೊಬ್ಬರಿಗೆ. ಸ್ವಂತ ಹೆಸರು, ತಂದೆ ಅಥವಾ ಪತಿಯ ಹೆಸರು, ಅಡ್ಡಹೆಸರು ಮೂರನ್ನೂ ಸೇವಾ ಪುಸ್ತಕ ನೋಡಿಯೇ ಬರೆದುಕೊಳ್ಳಿ. ‘ಪಾಟೀಲ’ ಎಂದು ಬರೆದುಕೊಳ್ಳುವವರನ್ನು ‘ಪಾಟೀಲ್’ ಮಾಡಬೇಡಿ. ಸೇವೆಯ ವರ್ಷಗಳನ್ನೂ ಬಾಯಿಲೆಕ್ಕದಲ್ಲಿ ಹಾಕದೆ ಅದೇ ಪುಸ್ತಕದ ನೇಮಕಾತಿ ದಿನಾಂಕದಿಂದ ಎಣಿಸಿ. ಬರೆದ ಮೇಲೆ ಆಯಾ ಗುರುಗಳಿಗೆ, ಅಕ್ಕೋರಿಗೆ (ಶಿಕ್ಷಕಿಯರಿಗೆ) ತೋರಿಸಿ ಸಹಿ ಹಾಕಿಸಿಕೊಳ್ಳಿ. ಅಡುಗೆಯವರು, ಅತಿಥಿ ಶಿಕ್ಷಕರು, ಡಿ ದರ್ಜೆ ನೌಕರರು ಈ ಪಟ್ಟಿಯಲ್ಲಿ ಬಿಟ್ಟುಹೋಗುವುದೇ ಹೆಚ್ಚು. ‘ಬಿಸಿಯೂಟದ ಸಿಬ್ಬಂದಿ’ ಎಂದು ಒಟ್ಟಿಗೆ ಕರೆದರೆ ವೇದಿಕೆಗೆ ಯಾರೂ ಬರುವುದಿಲ್ಲ, ಹೆಸರು ಹಿಡಿದು ಕರೆಯಿರಿ.

ಇನ್ನು ಸನ್ಮಾನಪತ್ರ. ‘ಮಾದರಿ ಶಿಕ್ಷಕಿ, ಅನುಪಮ ಸೇವೆ’ ಎಂಬುದು ಯಾರಿಗಾದರೂ ಒಪ್ಪುವ ಮಾತು, ಆದ್ದರಿಂದ ಯಾರ ಮಾತೂ ಅಲ್ಲ. ಕೆಲಸವನ್ನೇ ಬರೆಯಿರಿ. ಉದಾಹರಣೆಗೆ: ‘ಕಬ್ಬಿನ ಹಂಗಾಮಿನಲ್ಲಿ ಗುಳೆ ಹೋಗುವ ಮನೆಗಳ 11 ಮಕ್ಕಳನ್ನು ಅಜ್ಜ-ಅಜ್ಜಿಯರ ಹತ್ತಿರ ಬಿಡಿಸಿ, ದಿನಾ ಬೆಳಿಗ್ಗೆ ಮನೆಗೆ ಹೋಗಿ ಕರೆತಂದರು. ಮಾರ್ಚ್ ಪರೀಕ್ಷೆಗೆ 9 ಮಕ್ಕಳು ಕುಳಿತರು.’ ಮೂರು ಸಾಲು ಸಾಕು. ಅಂಕಿಗಳನ್ನು ಹಾಜರಿ ಪುಸ್ತಕದಿಂದ ತೆಗೆಯಿರಿ. ಮುಂದೆ ಉತ್ತಮ ಶಿಕ್ಷಕ ಪ್ರಶಸ್ತಿಗೆ ಕಡತ ಮಾಡುವಾಗ ಇವೇ ಸಾಲುಗಳು, ತಾರೀಖು ಇರುವ ಫೋಟೊಗಳು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಠರಾವಿನ ಪ್ರತಿ ಕೆಲಸಕ್ಕೆ ಬರುತ್ತವೆ. ಬೆಳಗಾವಿ ಕಂದಾಯ ಜಿಲ್ಲೆಯೊಳಗೆ ಎರಡು ಶೈಕ್ಷಣಿಕ ಜಿಲ್ಲೆಗಳಿವೆ. ಗೋಕಾಕ, ಅಥಣಿ, ರಾಯಬಾಗದ ಕಡತ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಿಂದ ಚಿಕ್ಕೋಡಿ ಡಿಡಿಪಿಐಗೆ (ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರಿಗೆ) ಹೋಗಬೇಕು. ಬೆಳಗಾವಿಗೆ ಹೋದರೆ ತಿರುಗಿ ಬರುವಷ್ಟರಲ್ಲಿ ಕೊನೆಯ ದಿನ ದಾಟಿರುತ್ತದೆ.

ಕಾಣಿಕೆಗೆಂದು ಪಾಲಕರ ಹತ್ತಿರ ಪಟ್ಟಿ (ವಂತಿಗೆ) ಎತ್ತಬೇಡಿ. ಮಕ್ಕಳ ಕೈಯಲ್ಲಿ ಚೀಟಿ ಕಳಿಸುವುದಂತೂ ಬೇಡವೇ ಬೇಡ. ಶಾಲು, ಹಾರದ ಜೊತೆ ಅಕ್ಕೋರಿಗೆ ಗುಳೇದಗುಡ್ಡದ ಖಣ (ಕುಪ್ಪಸದ ಬಟ್ಟೆ), ಗುರುಗಳಿಗೆ ಪಟಕಾ (ರುಮಾಲು) ಇದ್ದರೆ ನೋಡಲು ಚಂದ, ಖರ್ಚೂ ಕಡಿಮೆ. ಫೈಬರಿನ ಸ್ಮರಣಿಕೆ ಮನೆಯ ಅಟ್ಟ ಸೇರುತ್ತದೆ.

ಸುದ್ದಿಯನ್ನು ಕಾರ್ಯಕ್ರಮದ ಹಿಂದಿನ ದಿನವೇ ಅರ್ಧ ಬರೆದಿಡಿ. ಮೊದಲ ಸಾಲಿನಲ್ಲಿ ಊರು, ತಾಲೂಕು, ಸಾಲಿಯ ಪೂರ್ತಿ ಹೆಸರು ಬರಲಿ. ಒಂದೇ ಊರಲ್ಲಿ ಕೆಬಿಎಸ್ (ಕನ್ನಡ ಗಂಡು ಮಕ್ಕಳ ಸಾಲಿ), ಕೆಜಿಎಸ್ (ಕನ್ನಡ ಹೆಣ್ಣು ಮಕ್ಕಳ ಸಾಲಿ) ಎರಡೂ ಇದ್ದರೆ ಗಂಡು ಮಕ್ಕಳದೋ ಹೆಣ್ಣು ಮಕ್ಕಳದೋ ಎಂದು ಬಿಡಿಸಿ ಹೇಳಿ. ಎರಡನೇ ಸಾಲಿನಲ್ಲಿ ಸನ್ಮಾನಿತರು ಮತ್ತು ಅವರ ಕೆಲಸ. ಅತಿಥಿಗಳ ಭಾಷಣ ಕೊನೆಗೆ, ಒಂದೇ ವಾಕ್ಯ. ವೇದಿಕೆಯ ಮೇಲಿದ್ದ ಹದಿನಾಲ್ಕು ಜನರ ಹೆಸರು ಬರೆದರೆ ಪತ್ರಿಕೆಯವರು ಕೆಳಗಿನಿಂದ ಕತ್ತರಿಸುತ್ತಾರೆ, ಹೆಸರಿನ ರಾಶಿಯಲ್ಲಿ ಸನ್ಮಾನಿತರೂ ಹೋಗುತ್ತಾರೆ. 120 ಪದ ಮೀರಬೇಡಿ.

ಟೈಪು ಯೂನಿಕೋಡಿನಲ್ಲೇ ಇರಲಿ. ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಹೊಡೆದು ವಾಟ್ಸಾಪಿಗೆ ಅಂಟಿಸಿದರೆ ಅತ್ತ ಕಾಣುವುದು ಬರೀ ವಿಚಿತ್ರ ಇಂಗ್ಲಿಷ್ ಅಕ್ಷರ. ಅಕ್ಷರವನ್ನು ಫೋಟೊ ತೆಗೆದು ಕಳಿಸಿದರೆ ಮತ್ತೆ ಟೈಪು ಮಾಡುವವರು ಯಾರು? ಚಿತ್ರವನ್ನು ‘ಡಾಕ್ಯುಮೆಂಟ್’ ಆಗಿ ಕಳಿಸಿ, ಇಲ್ಲವಾದರೆ ವಾಟ್ಸಾಪ್ ಅದನ್ನು ಕುಗ್ಗಿಸಿ ಅಚ್ಚಿನಲ್ಲಿ ಮುಖ ಮಸುಕಾಗುತ್ತದೆ. ಬಾಗಿಲು, ಕಿಟಕಿಗೆ ಬೆನ್ನು ಮಾಡಿ ನಿಲ್ಲಿಸಬೇಡಿ, ಮುಖ ಕಪ್ಪಾಗುತ್ತದೆ. ಚಿತ್ರದ ಕೆಳಗೆ ಎಡದಿಂದ ಬಲಕ್ಕೆ ಹೆಸರು ಕೊಡಿ. ಮಕ್ಕಳಿದ್ದರೆ ಪಾಲಕರ ಒಪ್ಪಿಗೆ ಇರಲಿ, ಮನೆಯ ವಿಳಾಸ, ಜಾತಿ, ಕಷ್ಟದ ಕಥೆ ಬೇಡ. ಮಧ್ಯಾಹ್ನ 4ರೊಳಗೆ ಕಳಿಸಿದರೆ ಮರುದಿನದ ಜಿಲ್ಲಾ ಪುಟಕ್ಕೆ ಸಿಗುವ ಸಾಧ್ಯತೆ ಹೆಚ್ಚು. ಖಾನಾಪುರ, ನಿಪ್ಪಾಣಿ ಕಡೆ ಮರಾಠಿ ಮಾಧ್ಯಮದ ಸಾಲಿಯಾದರೆ ‘ಕನ್ನಡಮ್ಮ’ ಪತ್ರಿಕೆಗೆ ಕನ್ನಡದಲ್ಲಿ, ‘ತರುಣ ಭಾರತ’ ಪತ್ರಿಕೆಗೆ ಮರಾಠಿಯಲ್ಲಿ, ಬೇರೆ ಬೇರೆಯಾಗಿ ಬರೆದು ಕಳಿಸಿ.

ಇಷ್ಟಾಗಿಯೂ ಹೆಸರು ತಪ್ಪಾಗಿ ಅಚ್ಚಾದರೆ ಬೆಳಿಗ್ಗೆಯೇ ವರದಿಗಾರರಿಗೆ ಫೋನು ಮಾಡಿ, ಪುಟ ಸಂಖ್ಯೆ, ತಪ್ಪು ರೂಪ, ಸರಿ ರೂಪ ಮೂರನ್ನೂ ಒಂದೇ ಸಂದೇಶದಲ್ಲಿ ಕಳಿಸಿ. ಸಾಲಿಯ ದಾಖಲೆಗೆ ಆ ಕತ್ತರಿಕೆ ಅಂಟಿಸುವಾಗ ಪಕ್ಕದಲ್ಲಿ ಸರಿಯಾದ ಹೆಸರನ್ನು ಪೆನ್ನಿನಿಂದ ಬರೆದು ಮುಖ್ಯಗುರುಗಳ ಸಹಿ ಹಾಕಿಸಿ.